ಚಳ್ಳಕೆರೆಗೆ ವರ್ಗವಾದಾಗ: ಹೊಸ ಊರಿನ ಮೊದಲ ವಾರಗಳು

ನಮ್ಮ ಚರ್ಚಿನವರೊಬ್ಬರು ಗಲ್ಫ್‌ಗೆ ಹೊರಟರೆ ಮನೆಯಲ್ಲಿ ಜಪಸರ ಪ್ರಾರ್ಥನೆ ನಡೆಯುತ್ತದೆ, ಧರ್ಮಗುರುಗಳು ಬಂದು ಆಶೀರ್ವದಿಸುತ್ತಾರೆ, ನೆರೆಕರೆಯವರು ಸೇರಿ ಬೀಳ್ಕೊಡುತ್ತಾರೆ. ಅದೇ ವಾರ್ಡಿನ ಹುಡುಗಿಯೊಬ್ಬಳಿಗೆ ಚಳ್ಳಕೆರೆಯ ಶಾಲೆಯಲ್ಲೋ ಮೊಳಕಾಲ್ಮೂರಿನ ಬ್ಯಾಂಕಿನಲ್ಲೋ ಕೆಲಸ ಸಿಕ್ಕಿದರೆ, 'ಕರ್ನಾಟಕದೊಳಗೇ ಅಲ್ಲವೇ' ಎಂದು ಬಸ್ಸು ಹತ್ತಿಸಿ ಸುಮ್ಮನಾಗುತ್ತೇವೆ. ಆದರೆ ಕರಾವಳಿಯಲ್ಲಿ ಬೆಳೆದವರಿಗೆ ಆ ಬಯಲುಸೀಮೆಯ ಮೊದಲ ಕೆಲವು ವಾರಗಳು ಪರದೇಶದ ವಾಸಕ್ಕಿಂತ ಸುಲಭವೇನೂ ಅಲ್ಲ. ದುಬೈಯಲ್ಲಾದರೆ ಕೊಂಕಣಿ ಬಲಿಪೂಜೆ ಇದೆ, ಊರಿನ ಸಂಘಗಳಿವೆ. ಮೊಳಕಾಲ್ಮೂರಿನಲ್ಲಿ ಕೊಂಕಣಿ ಮಾತನಾಡುವ ಇನ್ನೊಂದು ಮನೆ ಸಿಗುವುದೇ ಕಷ್ಟ. ಅಲ್ಲಿಗೆ ಹೋಗುವವರಿಗೂ ಅವರನ್ನು ಕಳುಹಿಸುವ ನಮಗೂ ಉಪಯೋಗವಾದೀತೆಂದು ಕೆಲವು ವಿಚಾರಗಳನ್ನು ಇಲ್ಲಿ ಹೇಳುತ್ತಿದ್ದೇವೆ.

ಮೊದಲು ನೀರು

ನಮ್ಮಲ್ಲಿ ವರ್ಷಕ್ಕೆ 3,500 ಮಿ.ಮೀ.ಗಿಂತ ಹೆಚ್ಚು ಮಳೆ ಸುರಿಯುತ್ತದೆ. ಚಳ್ಳಕೆರೆ, ಮೊಳಕಾಲ್ಮೂರು ತಾಲೂಕುಗಳಲ್ಲಿ ಅದು 500 ಮಿ.ಮೀ. ಆಸುಪಾಸು. ಅಂಗಳದ ಬಾವಿಯಿಂದ ಬೇಕಾದಷ್ಟು ನೀರು ಸೇದಿ ಅಭ್ಯಾಸವಾದವರು ಅಲ್ಲಿ ಬಾಡಿಗೆ ಮನೆ ನೋಡುವಾಗ ಕೇಳಬೇಕಾದ ಮೊದಲ ಪ್ರಶ್ನೆ: ನಲ್ಲಿಯಲ್ಲಿ ನೀರು ಎಷ್ಟು ದಿನಕ್ಕೊಮ್ಮೆ ಬರುತ್ತದೆ, ಮನೆಗೆ ಸಂಪ್ ಇದೆಯೇ?

ಇನ್ನೂ ಮುಖ್ಯವಾದದ್ದು ಫ್ಲೋರೈಡ್. ಆ ಭಾಗದ ಅನೇಕ ಕೊಳವೆಬಾವಿಗಳ ನೀರಿನಲ್ಲಿ ಇದರ ಪ್ರಮಾಣ ಹೆಚ್ಚು. ಕುಡಿಯುವ ನೀರಿನಲ್ಲಿ ಲೀಟರಿಗೆ 1.5 ಮಿಲಿಗ್ರಾಂ ಮೀರಬಾರದು. ಮೀರಿದರೆ ಚಿಕ್ಕ ಮಕ್ಕಳ ಹಲ್ಲಿನ ಮೇಲೆ ಕಲೆ ಕಟ್ಟುತ್ತದೆ. ವರ್ಷಗಟ್ಟಲೆ ಹೆಚ್ಚಿನ ಪ್ರಮಾಣದಲ್ಲಿ ಕುಡಿದರೆ ಮೂಳೆ, ಕೀಲುಗಳಿಗೂ ತೊಂದರೆ. ಕುದಿಸಿ ಆರಿಸಿದರೆ ಸಾಕೆಂದು ನಮ್ಮ ತಾಯಂದಿರು ತಿಳಿಯುತ್ತಾರೆ. ಕುದಿಸುವುದರಿಂದ ರೋಗಾಣು ಸಾಯುತ್ತದೆಯೇ ಹೊರತು ಫ್ಲೋರೈಡ್ ಹೋಗುವುದಿಲ್ಲ. ನೀರು ಆವಿಯಾದಷ್ಟೂ ಅದು ಗಟ್ಟಿಯಾಗುತ್ತದೆ. ಕುಡಿಯುವುದಕ್ಕೂ ಅಡಿಗೆಗೂ ಶುದ್ಧ ನೀರಿನ ಘಟಕದಿಂದಲೇ ನೀರು ತರುವುದು ಒಳ್ಳೆಯದು. ಎಳೆಯ ಮಕ್ಕಳಿರುವ ಮನೆಯವರು ಇದನ್ನು ಮೊದಲ ದಿನದಿಂದಲೇ ಪಾಲಿಸಬೇಕು.

ಮಾತು ಮತ್ತು ಊಟ

'ಊಟ ಉಂಟಾ', 'ಎಂತ ಮಾಡುವುದು' ಎಂಬ ನಮ್ಮ ಕನ್ನಡ ಕೇಳಿ ಅಲ್ಲಿನವರು ನಗಬಹುದು. ಅದನ್ನು ಅವಮಾನವೆಂದು ತಿಳಿಯಬೇಕಾಗಿಲ್ಲ; ಅವರ ಕನ್ನಡ ಕೇಳಿ ನಾವೂ ಮನಸ್ಸಿನಲ್ಲೇ ನಗುತ್ತೇವಲ್ಲ! ಆಂಧ್ರದ ಗಡಿ ಹತ್ತಿರವಿರುವುದರಿಂದ ಅನೇಕ ಮನೆಗಳಲ್ಲಿ ತೆಲುಗು ಆಡುತ್ತಾರೆ. 'ಬಾಗುನ್ನಾರಾ' ಎಂದು ಎದುರು ಮನೆಯ ಅಜ್ಜಿಯನ್ನು ವಿಚಾರಿಸಿದರೆ ಅರ್ಧ ಪರಿಚಯವಾದಂತೆ.

ಕುಚ್ಚಲಕ್ಕಿ, ಮೀನು, ತೆಂಗಿನೆಣ್ಣೆಯನ್ನು ಮರೆಯಿರೆಂದು ನಾವು ಹೇಳುವುದಿಲ್ಲ. ಆದರೆ ಮುದ್ದೆ, ರೊಟ್ಟಿ, ಶೇಂಗಾ ಚಟ್ನಿಗೂ ತಟ್ಟೆಯಲ್ಲಿ ಜಾಗವಿರಲಿ. ಚಳ್ಳಕೆರೆ ಶೇಂಗಾ ಎಣ್ಣೆಗೆ ಹೆಸರಾದ ಊರು. ಇನ್ನೊಂದು ಎಚ್ಚರಿಕೆ. ಹಬ್ಬಕ್ಕೆ ಕೋಳಿ, ಹಂದಿ ಮಾಂಸ ಮಾಡುವುದು ನಮಗೆ ಸಹಜ. ಅಲ್ಲಿನ ಮ್ಯಾಸಬೇಡರಲ್ಲಿ ಅನೇಕರು ಕೋಳಿಯನ್ನು ತಿನ್ನುವುದಿಲ್ಲ, ಹಟ್ಟಿಯೊಳಗೆ ತರುವುದೂ ಇಲ್ಲ. ದೇವರ ಎತ್ತುಗಳೆಂದು ಸಾಕುವ ಹಿಂಡುಗಳನ್ನು ಬಹಳ ಭಕ್ತಿಯಿಂದ ಕಾಣುತ್ತಾರೆ. ನೆರೆಯವರ ಪದ್ಧತಿಯನ್ನು ಮೊದಲು ಕೇಳಿ ತಿಳಿದುಕೊಂಡರೆ ಮುಂದೆ ಮನಸ್ತಾಪ ತಪ್ಪುತ್ತದೆ.

ಭಾನುವಾರ ತಪ್ಪದಿರಲಿ

ಚಿತ್ರದುರ್ಗ ಜಿಲ್ಲೆಯು 1988ರಲ್ಲಿ ಸ್ಥಾಪನೆಯಾದ ಶಿವಮೊಗ್ಗ ಧರ್ಮಪ್ರಾಂತ್ಯಕ್ಕೆ ಸೇರಿದೆ. ಮನೆಯ ಬಾಗಿಲಲ್ಲೇ ಚರ್ಚ್ ಇರುವ ನಾಡಿನಿಂದ ಹೋದವರು, ಬಲಿಪೂಜೆಗೆ ಬಸ್ಸು ಹಿಡಿಯಬೇಕಾಗಿ ಬಂದಾಗ 'ಊರಿಗೆ ಹೋದಾಗ ನೋಡೋಣ' ಎಂದು ಮುಂದೂಡುವುದುಂಟು. ಮೊದಲ ನಾಲ್ಕು ಭಾನುವಾರಗಳಲ್ಲಿ ಬಿಟ್ಟ ಅಭ್ಯಾಸ ಅನೇಕರಲ್ಲಿ ಮರಳಿ ಬರುವುದಿಲ್ಲ.

ಇಲ್ಲೊಂದು ತಪ್ಪು ತಿಳಿವಳಿಕೆಯೂ ಇದೆ. 'ನಮ್ಮ ಚರ್ಚ್ ಊರಿನಲ್ಲಿದೆ, ಇಲ್ಲಿ ನಾವು ಅತಿಥಿಗಳು' ಎಂದು ಕೆಲವರು ಭಾವಿಸುತ್ತಾರೆ. 1983ರ ಧರ್ಮಸಭೆಯ ಕಾನೂನು ಸಂಹಿತೆಯ 102 ಮತ್ತು 107ನೇ ವಿಧಿಗಳ ಪ್ರಕಾರ, ಮೂರು ತಿಂಗಳಾದರೂ ಅಲ್ಲಿರುವ ಉದ್ದೇಶದಿಂದ ಒಂದು ಊರಿನಲ್ಲಿ ನೆಲೆಸಿದವರಿಗೆ ಅಲ್ಲಿನ ಧರ್ಮಗುರುಗಳೂ ಸ್ವಂತ ಧರ್ಮಗುರುಗಳೇ. ಆದ್ದರಿಂದ ಮೊದಲ ವಾರದಲ್ಲೇ ಅವರನ್ನು ಕಂಡು ಹೆಸರು ಕೊಡಿರಿ. ಕಾಯಿಲೆಯಾದಾಗ, ಮಗುವಿಗೆ ಜ್ಞಾನಸ್ನಾನ ಬೇಕಾದಾಗ ಅಪರಿಚಿತರಂತೆ ಬಾಗಿಲು ತಟ್ಟುವ ಪ್ರಸಂಗ ಬರಬಾರದು.

ಬಂಡೆಯ ಮೇಲಿನ ಪರಸ್ಥಳದವನು

ಮೊಳಕಾಲ್ಮೂರಿನಲ್ಲಿರುವವರು ಒಂದು ರಜಾದಿನ ಬ್ರಹ್ಮಗಿರಿಗೆ ಹೋಗಿಬರಬೇಕು. ಬ್ರಹ್ಮಗಿರಿ, ಸಿದ್ದಾಪುರ, ಜಟಿಂಗ ರಾಮೇಶ್ವರಗಳ ಬಂಡೆಗಳ ಮೇಲೆ ಕ್ರಿ.ಪೂ. 3ನೇ ಶತಮಾನದ ಅಶೋಕನ ಶಾಸನಗಳಿವೆ. ಬಿ.ಎಲ್. ರೈಸ್ ಅವರು 1892ರಲ್ಲಿ ಇವನ್ನು ಬೆಳಕಿಗೆ ತಂದರು. ಸುವರ್ಣಗಿರಿಯಿಂದ ಇಸಿಲದ ಅಧಿಕಾರಿಗಳಿಗೆ ಕಳುಹಿಸಿದ ಈ ಆಜ್ಞೆ ಅವರ ಆರೋಗ್ಯ ವಿಚಾರಿಸುವುದರೊಂದಿಗೆ ಆರಂಭವಾಗುತ್ತದೆ. ಬರೆದವನ ಹೆಸರು ಚಪಡ. ಬರಹವೆಲ್ಲ ಬ್ರಾಹ್ಮೀ ಲಿಪಿಯಲ್ಲಿದ್ದರೂ ತಾನು ಲಿಪಿಕಾರನೆಂದು ಹೇಳುವ ಪದವೊಂದನ್ನು ಅವನು ವಾಯವ್ಯ ಭಾರತದ ಖರೋಷ್ಠಿಯಲ್ಲಿ ಬರೆದಿದ್ದಾನೆ. ಆದ್ದರಿಂದ ಆತ ಆ ಕಡೆಯಿಂದ ಬಂದವನಿರಬೇಕೆಂದು ವಿದ್ವಾಂಸರು ಊಹಿಸುತ್ತಾರೆ. ದೂರದಿಂದ ಬಂದವನು ಜನರಿಗಾಗಿ ಅವರ ಕಡೆಯ ಲಿಪಿಯಲ್ಲಿ ಬರೆದ, ತನ್ನದನ್ನೂ ಒಂದು ಪದದಷ್ಟು ಉಳಿಸಿಕೊಂಡ. ನಮ್ಮ ಕೊಂಕಣಿಯೂ ಮೊಂತಿ ಹಬ್ಬವೂ ಅಲ್ಲಿ ಹಾಗೆ ಉಳಿದರೆ ಯಾರಿಗೂ ಹೊರೆಯಾಗದು.

ಊರಿನಲ್ಲಿರುವ ನಾವು

ಬಾಬಿಲೋನಿಗೆ ಸೆರೆಹೋದವರು ಇಂದೋ ನಾಳೆಯೋ ಹಿಂದಿರುಗುವ ಆಸೆಯಲ್ಲಿದ್ದಾಗ ಪ್ರವಾದಿ ಯೆರೆಮೀಯನು ಅವರಿಗೆ ಪತ್ರ ಬರೆದು, ಅಲ್ಲೇ ಮನೆ ಕಟ್ಟಿ, ತೋಟ ಮಾಡಿ, ಆ ಪಟ್ಟಣಕ್ಕಾಗಿ ಪ್ರಾರ್ಥಿಸಲು ತಿಳಿಸಿದನು. ನಾವೋ ಫೋನಿನಲ್ಲಿ ದಿನಾಲೂ 'ಯಾವಾಗ ಬರುತ್ತೀ, ವರ್ಗ ಸಿಗುವುದಿಲ್ಲವೇ' ಎಂದೇ ಕೇಳುತ್ತೇವೆ. ಅದರ ಬದಲು 'ಇವತ್ತು ಯಾರ ಜೊತೆ ಮಾತನಾಡಿದೆ' ಎಂದು ಕೇಳೋಣ. ಗುರ್ಕಾರರು ತಮ್ಮ ವಾರ್ಡಿನಿಂದ ಹೊರಗೆ ಹೋದವರ ಹೆಸರನ್ನು ಧರ್ಮಗುರುಗಳಿಗೆ ಕೊಡಲಿ. ಧರ್ಮಗುರುಗಳು ಅಲ್ಲಿನ ಧರ್ಮಗುರುಗಳಿಗೆ ಒಂದು ಫೋನ್ ಮಾಡಲಿ. ಎರಡು ನಿಮಿಷದ ಆ ಕೆಲಸದಿಂದ ಮೊದಲ ಭಾನುವಾರ ಚರ್ಚಿನ ಹಿಂದಿನ ಬೆಂಚಿನಲ್ಲಿ ಕುಳಿತ ಹುಡುಗಿಯನ್ನು ಯಾರಾದರೊಬ್ಬರು ಹೆಸರು ಹಿಡಿದು ಕರೆಯುವಂತಾಗುತ್ತದೆ.