ಖಾನಾಪುರ ರಸ್ತೆಯಿಂದ ಪರದೇಶದ ವಿದ್ಯಾಪೀಠಕ್ಕೆ

ವಿದ್ಯೆಗಾಗಿ ಮನೆ ಬಿಟ್ಟು ಹೋಗುವುದು ನಮ್ಮ ನಾಡಿಗೆ ಹೊಸದಲ್ಲ. ಅಕ್ಷರಾಭ್ಯಾಸ ಮುಗಿಸಿದ ಹಳ್ಳಿಯ ಹುಡುಗನು ಬುತ್ತಿ ಕಟ್ಟಿಕೊಂಡು ಪಟ್ಟಣದ ಪ್ರಸಾದನಿಲಯವನ್ನು ಸೇರುತ್ತಿದ್ದನು. ಅಲ್ಲಿಂದ ಮುಂದೆ ಧಾರವಾಡ, ಕೊಲ್ಲಾಪುರ, ಪುಣೆ, ಮುಂಬಯಿ ಇವೇ ಅವನ ದೂರದ ಊರುಗಳಾಗಿದ್ದವು. ಇಂದಿನ ದಿನಮಾನಗಳಲ್ಲಿ ಆ ದಾರಿಯು ಸಮುದ್ರವನ್ನು ದಾಟಿದೆ. ಗಣಕವಿಜ್ಞಾನ, ಅಂದರೆ ಎಲ್ಲರ ಬಾಯಲ್ಲಿರುವ ಕಂಪ್ಯೂಟರ್ ವಿದ್ಯೆಯನ್ನು ಕಲಿಯಲು ಅಮೇರಿಕೆ, ಕೆನಡಾ, ಇಂಗ್ಲೆಂಡ್, ಜರ್ಮನಿಗಳಿಗೆ ಹೋಗುವ ಮಕ್ಕಳು ನಮ್ಮ ಸಮಾಜದ ಮನೆತನಗಳಲ್ಲಿಯೂ ಇದ್ದಾರೆ. ಹೋಗಬೇಕೋ ಬೇಡವೋ ಎಂಬ ಪ್ರಶ್ನೆಗೆ ಒಂದೇ ಮಾತಿನ ಉತ್ತರವಿಲ್ಲ. ಆದರೆ ಮನೆಯವರೆಲ್ಲರೂ ಕುಳಿತು ವಿಚಾರಿಸಬೇಕಾದ ಸಂಗತಿಗಳು ಹಲವಾರಿವೆ.

ಬೆಳಗಾವಿಯಿಂದ ದಕ್ಷಿಣಕ್ಕೆ ಹೊರಟ ಖಾನಾಪುರ ರಸ್ತೆಯನ್ನೇ ನೋಡಬಹುದು. ನಗರ ದಾಟುತ್ತಲೇ ಉದ್ಯಮಬಾಗ ಬರುತ್ತದೆ. ಎರಕದ ಕಾರ್ಖಾನೆಗಳು, ಲೇಥ್ ಯಂತ್ರಗಳ ಸಣ್ಣ ಸಣ್ಣ ಘಟಕಗಳು ಅಲ್ಲಿ ಸಾಲುಗಟ್ಟಿವೆ. ಅವುಗಳ ನೆರೆಯಲ್ಲಿಯೇ 1979ರಲ್ಲಿ ಆರಂಭವಾದ ಗೋಗಟೆ ತಾಂತ್ರಿಕ ಮಹಾವಿದ್ಯಾಲಯವಿದೆ, ಕೆ.ಎಲ್.ಇ. ಸಂಸ್ಥೆಯ ಶೇಷಗಿರಿ ಇಂಜಿನಿಯರಿಂಗ್ ಕಾಲೇಜೂ ಇದೆ. ಇನ್ನೂ ಮುಂದೆ ಮಚ್ಛೆಯಲ್ಲಿ, 1998ರಲ್ಲಿ ಸ್ಥಾಪಿತವಾದ ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯದ 'ಜ್ಞಾನಸಂಗಮ'ವು ಕಾಣುತ್ತದೆ. ಆ ಬಳಿಕ ಭತ್ತದ ಗದ್ದೆಗಳು, ಹೆಂಚಿನ ಕಾರ್ಖಾನೆಗಳು, ಮಲಪ್ರಭೆಯ ದಂಡೆಯ ಖಾನಾಪುರ. ಅದರಾಚೆ ಕಣಕುಂಬಿಯ ಕಾಡು. ಮಲಪ್ರಭೆಯು ಹುಟ್ಟುವುದು ಅಲ್ಲಿಯೇ. ಮನೆಯಲ್ಲಿ ಕನ್ನಡ, ಓಣಿಯಲ್ಲಿ ಮರಾಠಿ, ಕಾಲೇಜಿನಲ್ಲಿ ಇಂಗ್ಲೀಷು ಎಂದು ಮೂರು ಭಾಷೆಗಳ ನಡುವೆ ಬೆಳೆದ ಈ ಭಾಗದ ಮಕ್ಕಳಿಗೆ ಪರಕೀಯರ ನಡುವೆ ಹೊಂದಿಕೊಂಡು ಬಾಳುವ ಪಾಠವು ಊರಿನಲ್ಲಿಯೇ ಆಗಿರುತ್ತದೆ. ಇದು ಸಣ್ಣ ಬಂಡವಾಳವಲ್ಲ.

ಹಿರಿಯರು ತುಳಿದ ದಾರಿ

ನಮ್ಮ ಜಿಲ್ಲೆಯಿಂದ ಪರದೇಶಕ್ಕೆ ಹೋಗಿ ಕಲಿತವರಲ್ಲಿ ಮೊದಲು ನೆನೆಯಬೇಕಾದವರು ಡಾ. ಡಿ. ಸಿ. ಪಾವಟೆಯವರು. 1899ರಲ್ಲಿ ಗೋಕಾಕ ತಾಲೂಕಿನ ಮಮದಾಪುರದಲ್ಲಿ ಜನಿಸಿದ ಅವರು ಕೇಂಬ್ರಿಜ್‌ನ ಸಿಡ್ನಿ ಸಸೆಕ್ಸ್ ಕಾಲೇಜಿನಲ್ಲಿ ಗಣಿತವನ್ನು ಅಭ್ಯಸಿಸಿ 'ರ‍್ಯಾಂಗ್ಲರ್' ಎನಿಸಿದರು. ಗಣಿತದ ಕೊನೆಯ ಪರೀಕ್ಷೆಯಲ್ಲಿ ಪ್ರಥಮ ವರ್ಗ ಪಡೆದವರಿಗೆ ಅಲ್ಲಿ ಸಲ್ಲುವ ಬಿರುದು ಅದು. ಹಳ್ಳಿಯ ಹುಡುಗನೊಬ್ಬನು ಹಡಗಿನಲ್ಲಿ ವಾರಗಟ್ಟಲೆ ಪ್ರವಾಸ ಮಾಡಿ, ಅಪರಿಚಿತ ನಾಡಿನ ಚಳಿಯಲ್ಲಿ ಅಲ್ಲಿನ ಜಾಣರೊಡನೆ ಸರಿಗಟ್ಟಿ ನಿಂತನು. ಮುಂದೆ 1954ರಿಂದ 1967ರವರೆಗೆ ಅವರು ಕರ್ನಾಟಕ ವಿಶ್ವವಿದ್ಯಾಲಯದ ಕುಲಪತಿಗಳಾಗಿದ್ದು ಧಾರವಾಡದ ಗುಡ್ಡದ ಮೇಲೆ ಒಂದು ವಿದ್ಯಾನಗರವನ್ನೇ ಕಟ್ಟಿದರು. ಬಳಿಕ 1973ರವರೆಗೆ ಪಂಜಾಬಿನ ರಾಜ್ಯಪಾಲರಾಗಿದ್ದರು. ಅವರ ಹೆಸರಿನ ಫೆಲೋಶಿಪ್ಪಿನಿಂದ ಕರ್ನಾಟಕ ವಿಶ್ವವಿದ್ಯಾಲಯದ ಅಭ್ಯಾಸಿಗಳು ಅದೇ ಕೇಂಬ್ರಿಜ್ ಕಾಲೇಜಿಗೆ ಹೋಗಿಬಂದಿದ್ದಾರೆ. ತಾನು ದಾಟಿದ ಹೊಳೆಗೆ ಹಿಂದೆ ಬರುವವರಿಗಾಗಿ ಸೇತುವೆ ಕಟ್ಟುವುದೆಂದರೆ ಇದೇ.

ಎರಡನೆಯವರು ಎ. ಕೆ. ರಾಮಾನುಜನ್ನರು. ಮೈಸೂರಿನವರಾದ ಅವರು 1950ರ ದಶಕದಲ್ಲಿ ಬೆಳಗಾವಿಯ ಲಿಂಗರಾಜ ಕಾಲೇಜಿನಲ್ಲಿ ಇಂಗ್ಲೀಷಿನ ಅಧ್ಯಾಪಕರಾಗಿದ್ದರು. ಈ ಸೀಮೆಯ ಜನಪದ ಕಥೆಗಳನ್ನು ಕೇಳಿ ಬರೆದುಕೊಂಡರು. 1959ರಲ್ಲಿ ಅಮೇರಿಕೆಗೆ ತೆರಳಿ ಇಂಡಿಯಾನಾ ವಿಶ್ವವಿದ್ಯಾಲಯದಲ್ಲಿ ಮತ್ತೆ ವಿದ್ಯಾರ್ಥಿಯಾದರು. ಅಧ್ಯಾಪಕನಾಗಿದ್ದವನು ಮೂವತ್ತರ ವಯಸ್ಸಿನಲ್ಲಿ ಪುನಃ ಬೆಂಚಿನ ಮೇಲೆ ಕುಳಿತುಕೊಳ್ಳಲು ವಿನಯ ಬೇಕು. ಅಲ್ಲಿ 1963ರಲ್ಲಿ ಅವರು ಪಡೆದ ಡಾಕ್ಟರೇಟಿನ ವಿಷಯ ಕನ್ನಡದ ವ್ಯಾಕರಣವೇ ಆಗಿತ್ತು. ಮಿತವಾದ ಕೆಲವು ಸೂತ್ರಗಳಿಂದ ಅಸಂಖ್ಯ ವಾಕ್ಯಗಳು ಹೇಗೆ ಹುಟ್ಟುತ್ತವೆ ಎಂಬುದನ್ನು ತೋರಿಸುವ ವ್ಯಾಕರಣಪದ್ಧತಿಯನ್ನು ಅವರು ಕನ್ನಡಕ್ಕೆ ಅನ್ವಯಿಸಿದರು. ಗಣಕಕ್ಕೆ ಬರೆಯುವ ಆಜ್ಞೆಗಳ ಭಾಷೆಗಳಿಗೂ ಇದೇ ಬಗೆಯ ಸೂತ್ರಗಳೇ ತಳಹದಿಯಾಗಿವೆ. 1973ರಲ್ಲಿ ರಾಮಾನುಜನ್ನರು ಇಂಗ್ಲೀಷಿನಲ್ಲಿ ಪ್ರಕಟಿಸಿದ ವಚನಗಳ ಅನುವಾದವು ಬಸವಣ್ಣ, ದಾಸಿಮಯ್ಯ, ಅಕ್ಕಮಹಾದೇವಿ, ಅಲ್ಲಮಪ್ರಭುಗಳ ವಾಣಿಯನ್ನು ಜಗತ್ತಿನ ಓದುಗರ ಮುಂದಿಟ್ಟಿತು. ಅವರು ಅಲ್ಲಿಯೇ ನೆಲೆಸಿದರು, 1993ರಲ್ಲಿ ಚಿಕಾಗೋದಲ್ಲಿಯೇ ತೀರಿಕೊಂಡರು. ಆದರೂ ತಾಯ್ನುಡಿಯ ಸೇವೆಯನ್ನು ಬಿಡಲಿಲ್ಲ.

ಮೂರನೆಯವರು ಹುಬ್ಬಳ್ಳಿಯಲ್ಲಿ ಹುಟ್ಟಿದ ಗುರುರಾಜ ದೇಶಪಾಂಡೆಯವರು. ಮದ್ರಾಸಿನ ಐ.ಐ.ಟಿ.ಯಲ್ಲಿ ಪದವಿ ಪಡೆದು, 1970ರ ದಶಕದಲ್ಲಿ ಕೆನಡಾದ ನ್ಯೂ ಬ್ರನ್ಸ್‌ವಿಕ್ ಮತ್ತು ಕ್ವೀನ್ಸ್ ವಿಶ್ವವಿದ್ಯಾಲಯಗಳಲ್ಲಿ ಕಲಿತು, ಗಣಕಗಳು ಒಂದರೊಡನೊಂದು ಮಾತನಾಡುವ ಸಂಪರ್ಕ ವಿದ್ಯೆಯಲ್ಲಿ ಪರಿಣತರಾದರು. ಅಮೇರಿಕೆಯಲ್ಲಿ ಉದ್ಯಮಗಳನ್ನು ಕಟ್ಟಿ ಗಳಿಸಿದರು. ಆ ಗಳಿಕೆಯ ಒಂದು ಪಾಲು ದೇಶಪಾಂಡೆ ಪ್ರತಿಷ್ಠಾನದ ರೂಪದಲ್ಲಿ ಹುಬ್ಬಳ್ಳಿಗೆ ಮರಳಿದೆ.

ಒಬ್ಬರು ಮರಳಿ ಬಂದು ಕಟ್ಟಿದರು, ಒಬ್ಬರು ದೂರವಿದ್ದೇ ನುಡಿಯ ಸೇವೆ ಮಾಡಿದರು, ಒಬ್ಬರು ಗಳಿಸಿದ್ದರಲ್ಲಿ ಪಾಲು ಕೊಟ್ಟರು. ಋಣ ತೀರಿಸುವ ದಾರಿ ಒಂದೇ ಅಲ್ಲವೆಂಬುದನ್ನು ಈ ಮೂವರ ಬಾಳು ತಿಳಿಸುತ್ತದೆ.

ಎಳೆಯ ಶಾಸ್ತ್ರ

ವ್ಯಾಕರಣ, ತರ್ಕ, ಗಣಿತಗಳಿಗೆ ಸಾವಿರಾರು ವರ್ಷಗಳ ಪರಂಪರೆಯಿದೆ. ಗಣಕವಿಜ್ಞಾನವಾದರೋ ಅವುಗಳ ಮೊಮ್ಮಗುವಿನಂತೆ ಎಳೆಯದು. ಪಾವಟೆಯವರು ಓದಿದ ಕೇಂಬ್ರಿಜ್‌ನಲ್ಲಿಯೇ 1949ರಲ್ಲಿ 'ಎಡ್ಸಾಕ್' ಎಂಬ ಗಣಕಯಂತ್ರವು ಮೊದಲ ಲೆಕ್ಕವನ್ನು ಮಾಡಿತು. 1953ರಲ್ಲಿ ಅಲ್ಲಿ ಒಂದು ವರ್ಷದ ಡಿಪ್ಲೊಮಾ ಶಿಕ್ಷಣವು ಆರಂಭವಾಯಿತು. ಅಮೇರಿಕೆಯ ಪರ್ಡ್ಯೂ ವಿಶ್ವವಿದ್ಯಾಲಯವು 1962ರಲ್ಲಿ ಗಣಕವಿಜ್ಞಾನಕ್ಕೆಂದೇ ವಿಭಾಗವನ್ನು ತೆರೆಯಿತು. ನಮ್ಮ ದೇಶದಲ್ಲಿ ಕಾನಪುರದ ಐ.ಐ.ಟಿ.ಗೆ 1963ರಲ್ಲಿ ಐ.ಬಿ.ಎಂ. ಯಂತ್ರವು ಬಂದ ಮೇಲೆ ಈ ಶಿಕ್ಷಣವು ಬೇರೂರಿತು. ಶಾಸ್ತ್ರವು ಎಳೆಯದಾದುದರಿಂದ ಬೇಗ ಬೇಗ ಬದಲಾಗುತ್ತಿದೆ. ಇಂದು ಕಲಿತ ಉಪಕರಣವು ಐದಾರು ವರ್ಷಗಳಲ್ಲಿ ಹಳತಾಗಬಹುದು. ಅದರ ತಳದಲ್ಲಿರುವ ಗಣಿತ ಮತ್ತು ತರ್ಕ ಹಳತಾಗುವುದಿಲ್ಲ. ಆದ್ದರಿಂದ ಹೋಗುವವನು ಯಾವ ಕೆಲಸಕ್ಕೆ ಬೇಡಿಕೆಯಿದೆ ಎಂಬುದನ್ನಷ್ಟೇ ನೋಡದೆ, ಬೇರನ್ನು ಕಲಿಸುವ ಗುರುಗಳು ಎಲ್ಲಿದ್ದಾರೆಂಬುದನ್ನೂ ನೋಡುವುದು ಲೇಸು.

ಅಲ್ಲಿಯ ತರಗತಿ

ಪರದೇಶದ ತರಗತಿಯನ್ನು ಹೊಕ್ಕ ನಮ್ಮ ವಿದ್ಯಾರ್ಥಿಗೆ ಮೊದಲು ವಿಚಿತ್ರವೆನಿಸುವುದು ಗುರುಶಿಷ್ಯರ ನಡೆನುಡಿ. ಅನೇಕ ಕಡೆ ಪ್ರಾಧ್ಯಾಪಕರನ್ನು ಹೆಸರು ಹಿಡಿದೇ ಕರೆಯುತ್ತಾರೆ. ಪಾಠದ ನಡುವೆ ಶಿಷ್ಯನು ಕೈಯೆತ್ತಿ ಗುರುವಿನ ಮಾತನ್ನು ಪ್ರಶ್ನಿಸಬಹುದು. ಗುರುಗಳು ತಮಗೆ ತಿಳಿಯದೆಂದು ನಗುತ್ತಲೇ ಒಪ್ಪಿಕೊಳ್ಳಬಹುದು. ವಾರಕ್ಕೆ ಇಂತಿಷ್ಟು ಹೊತ್ತು ವಿದ್ಯಾರ್ಥಿಗಳ ಸಂದೇಹಗಳಿಗಾಗಿಯೇ ಅವರ ಕೊಠಡಿಯ ಬಾಗಿಲು ತೆರೆದಿರುತ್ತದೆ. ಸಂಕೋಚದಿಂದ ಹೊರಗೇ ನಿಂತವನು ಅಲ್ಲಿ ದಡ್ಡನೆನಿಸದಿದ್ದರೂ ಒಬ್ಬಂಟಿಯಾಗುತ್ತಾನೆ. ಪ್ರಶ್ನೆ ಕೇಳುವುದು ಅವಿನಯವೆಂದು ಭಾವಿಸಬೇಕಾಗಿಲ್ಲ. ಅನುಭವಮಂಟಪದ ಪರಂಪರೆಯವರಾದ ನಮಗೆ ಪ್ರಶ್ನೋತ್ತರದ ಮಾರ್ಗವು ಹೊರಗಿನದೇನೂ ಅಲ್ಲ.

ಎರಡನೆಯ ಸಂಗತಿ ಅಭ್ಯಾಸದ ರೀತಿ. ವರ್ಷದ ಕೊನೆಯ ಪರೀಕ್ಷೆಗೆ ಹದಿನೈದು ದಿನ ನಿದ್ದೆಗೆಟ್ಟು ಓದಿ ಪಾರಾಗುವ ಪದ್ಧತಿ ಅಲ್ಲಿ ನಡೆಯದು. ವಾರವಾರವೂ ಮನೆಗೆಲಸದ ಲೆಕ್ಕಗಳು, ತಾನೇ ಬರೆದು ನಡೆಸಿ ತೋರಿಸಬೇಕಾದ ಪ್ರೋಗ್ರಾಮುಗಳು, ನಾಲ್ವರು ಕೂಡಿ ಮಾಡಬೇಕಾದ ಯೋಜನೆಗಳು ಇರುತ್ತವೆ. ಈ ಕೆಲಸದಲ್ಲಿ ಗೆಳೆಯನ ಬರಹವನ್ನು ನಕಲು ಮಾಡಿದರೆ ಅದು ಅಪರಾಧವಾಗುತ್ತದೆ. ಒಬ್ಬನ ಪ್ರೋಗ್ರಾಮನ್ನು ಇನ್ನೊಬ್ಬನದರೊಡನೆ ಹೋಲಿಸಿ ಸಾಮ್ಯವನ್ನು ಕಂಡುಹಿಡಿಯುವ 'ಮಾಸ್' ಎಂಬ ಸಾಧನವು 1994ರಿಂದಲೇ ಬಳಕೆಯಲ್ಲಿದೆ. ಚರಗಳ ಹೆಸರು ಬದಲಿಸಿದ ಮಾತ್ರಕ್ಕೆ ಅದರ ಕಣ್ಣು ತಪ್ಪುವುದಿಲ್ಲ. ಯಂತ್ರಬುದ್ಧಿಯಿಂದ ಬರೆಯಿಸಿಕೊಂಡು ತನ್ನದೆಂದು ಒಪ್ಪಿಸುವುದೂ ಇಂದು ಅನೇಕ ಕಡೆ ನಿಷಿದ್ಧ. ಸಿಕ್ಕಿಬಿದ್ದವನಿಗೆ ಅಂಕ ಹೋಗಬಹುದು, ಪ್ರವೇಶವೇ ರದ್ದಾಗಬಹುದು. ಪ್ರವೇಶ ರದ್ದಾದರೆ ವಿದ್ಯಾರ್ಥಿ ವೀಸಾದ ಆಧಾರವೂ ಕುಸಿಯುತ್ತದೆ. ಊರಲ್ಲಿ 'ಸಹಾಯ' ಎನಿಸಿಕೊಂಡದ್ದು ಅಲ್ಲಿ ಕಳವು ಎನಿಸುತ್ತದೆಂಬುದನ್ನು ಹೊರಡುವ ಮೊದಲೇ ಮಕ್ಕಳಿಗೆ ತಿಳಿಸಿ ಹೇಳಬೇಕು.

ಮನೆ ಮತ್ತು ದೂರ

ಖಾನಾಪುರದಲ್ಲಿ ರಾತ್ರಿ ಎಂಟು ಗಂಟೆಯಾದಾಗ ಚಳಿಗಾಲದ ನ್ಯೂಯಾರ್ಕಿನಲ್ಲಿ ಬೆಳಗಿನ ಒಂಬತ್ತೂವರೆ. ತಾಯಿ ಊಟ ಮುಗಿಸಿ ಫೋನು ಹಿಡಿದು ಕುಳಿತಾಗ ಮಗನು ತರಗತಿಗೆ ಓಡುತ್ತಿರುತ್ತಾನೆ. ಅವನ ಏಕಾಂತದ ವೇಳೆಗೆ ಇಲ್ಲಿ ಎಲ್ಲರೂ ಮಲಗಿರುತ್ತಾರೆ. ಈ ಅಂತರವನ್ನು ತಿಳಿಯದೆ "ಇಷ್ಟು ದಿವಸ ಫೋನು ಮಾಡಲಿಲ್ಲ" ಎಂದು ಮುನಿಯುವ ಮನೆಗಳಿವೆ. "ಎಲ್ಲ ಚೊಲೋ ಐತ್ರಿ" ಎಂದಷ್ಟೇ ಹೇಳಿ ಕಷ್ಟವನ್ನು ನುಂಗುವ ಮಕ್ಕಳೂ ಇದ್ದಾರೆ. ವಾರಕ್ಕೊಂದು ಹೊತ್ತನ್ನು ಗೊತ್ತುಮಾಡಿಕೊಂಡು ಮನಬಿಚ್ಚಿ ಮಾತಾಡುವುದು ಹಿತಕರ. ಮಗಳು ಹೋಗುವಾಗಲೂ ಇದೇ ಮಾತು. ಅವಳ ಜಾಣತನವನ್ನು ನಂಬಿ ಕಳಿಸಿದ ಮೇಲೆ ದಿನವೂ ಸಂಶಯದ ಪ್ರಶ್ನೆಗಳಿಂದ ಅವಳ ಓದನ್ನು ಭಾರ ಮಾಡಬಾರದು.

ಚಳಿಯೊಡನೆ ಕತ್ತಲೆಯೂ ಬಾಧಿಸುತ್ತದೆ. ಡಿಸೆಂಬರಿನಲ್ಲಿ ಸಂಜೆ ನಾಲ್ಕಕ್ಕೇ ಸೂರ್ಯ ಮುಳುಗುವ ನಾಡುಗಳಲ್ಲಿ ಮನಸ್ಸು ಕುಗ್ಗುವುದುಂಟು. ಅದು ಹೇಡಿತನವಲ್ಲ, ವಿಶ್ವವಿದ್ಯಾಲಯಗಳಲ್ಲಿ ಇದಕ್ಕೆ ಸಲಹೆಗಾರರಿರುತ್ತಾರೆ, ಅವರಲ್ಲಿಗೆ ಹೋಗಲು ನಾಚಬೇಕಾಗಿಲ್ಲ. ಸಸ್ಯಾಹಾರಿಗೆ ಅಡಿಗೆಯೇ ದೊಡ್ಡ ಆಶ್ರಯ. ಹೊರಡುವ ಮೊದಲು ಹುಡುಗರಿಗೂ ರೊಟ್ಟಿ, ಪಲ್ಯ, ಸಾರು ಮಾಡಲು ಕಲಿಸಬೇಕು. ಮುಂಜಾನೆಯ ಲಿಂಗಪೂಜೆಗೆ ದೊಡ್ಡ ಕೋಣೆಯೂ ಬೇಡ, ಸಾಮಗ್ರಿಯೂ ಬೇಡ. ಅಂಗೈಯೇ ಪೀಠವಾಗಿರುವವನಿಗೆ ಯಾವ ದೇಶವೂ ಪರದೇಶವಲ್ಲ.

ಅಮೇರಿಕೆಯಲ್ಲಿ ವಿದ್ಯಾರ್ಥಿಗೆ ಓದಿನ ಅವಧಿಯಲ್ಲಿ ವಾರಕ್ಕೆ 20 ತಾಸು ಮೀರದಂತೆ ವಿಶ್ವವಿದ್ಯಾಲಯದ ಆವರಣದೊಳಗೆ ದುಡಿಯಲು ಅವಕಾಶವಿದೆ. ಕೆಲವರು ಅಧ್ಯಾಪಕರಿಗೆ ಸಹಾಯಕರಾಗುತ್ತಾರೆ, ಕೆಲವರು ಗ್ರಂಥಾಲಯದಲ್ಲಿ ಕೂರುತ್ತಾರೆ, ಕೆಲವರು ಊಟದ ಮನೆಯಲ್ಲಿ ತಟ್ಟೆ ತೊಳೆಯುತ್ತಾರೆ. "ಇಂಜಿನಿಯರ ಓದಿದ ಮಗಾ ಪಾತ್ರೆ ತಿಕ್ಕತಾನ" ಎಂದು ಕಣ್ಣೀರಿಡುವ ತಂದೆ-ತಾಯಿಗಳು ಕಾಯಕದಲ್ಲಿ ಮೇಲುಕೀಳಿಲ್ಲವೆಂಬ ನಮ್ಮ ಶರಣರ ನಿಲುವನ್ನು ನೆನೆಯಬೇಕು. ಆದರೆ ನಿಯಮ ಮೀರಿ ಹೊರಗೆ ಕದ್ದು ದುಡಿಯುವುದು ಬೇರೆ ಮಾತು. ಅದು ವೀಸಾಕ್ಕೇ ಕುತ್ತು.

ಸಾಲದ ಲೆಕ್ಕ

ಎಲ್ಲಕ್ಕಿಂತ ಕಠಿಣವಾದುದು ಹಣದ ವಿಚಾರ. ಬ್ಯಾಂಕುಗಳ ಮಾದರಿ ಶಿಕ್ಷಣ ಸಾಲ ಯೋಜನೆಯಲ್ಲಿ ಏಳೂವರೆ ಲಕ್ಷ ರೂಪಾಯಿಗಳನ್ನು ಮೀರಿದ ಸಾಲಕ್ಕೆ ಆಸ್ತಿಯ ಭದ್ರತೆಯನ್ನು ಕೇಳುತ್ತಾರೆ. ಪರದೇಶದ ಸ್ನಾತಕೋತ್ತರ ಶಿಕ್ಷಣಕ್ಕೆ ಆ ಮೊತ್ತ ಸಾಮಾನ್ಯವಾಗಿ ಸಾಲದು. ಆದ್ದರಿಂದ ವಾಸದ ಮನೆಯೋ ನಿವೇಶನವೋ ಒತ್ತೆ ಬೀಳುತ್ತದೆ. ಓದು ಮುಗಿದು ಒಂದು ವರ್ಷದವರೆಗೆ ಕಂತು ಕಟ್ಟಬೇಕಿಲ್ಲವೆಂಬುದು ನಿಜ. ಆದರೆ ಆ ಅವಧಿಯಲ್ಲಿಯೂ ಬಡ್ಡಿಯು ನಿಲ್ಲುವುದಿಲ್ಲ. ಸಾಲವು ರೂಪಾಯಿಗಳಲ್ಲಿ, ಶುಲ್ಕವು ಡಾಲರಿನಲ್ಲಿ. ಎರಡನೆಯ ವರ್ಷಕ್ಕೆ ರೂಪಾಯಿಯ ಬೆಲೆ ಇಳಿದರೆ ಮೊದಲು ಹಾಕಿದ ಅಂದಾಜು ತಪ್ಪುತ್ತದೆ.

ಅನೇಕರು "ನೌಕರಿ ಸಿಕ್ಕರೆ ಎರಡು ವರ್ಷದಲ್ಲಿ ತೀರುತ್ತದೆ" ಎಂದು ಲೆಕ್ಕ ಹಾಕುತ್ತಾರೆ. ಅಮೇರಿಕೆಯ ಈಗಿನ ನಿಯಮದಂತೆ ಗಣಕವಿಜ್ಞಾನ ಓದಿದವನಿಗೆ ಒಂದು ವರ್ಷ, ಅದರ ಮೇಲೆ ಎರಡು ವರ್ಷ, ಹೀಗೆ ಒಟ್ಟು 36 ತಿಂಗಳು ಅಲ್ಲಿ ಕೆಲಸದ ತರಬೇತಿಗೆ ಅವಕಾಶವಿದೆ. ಆಮೇಲೆ ಬೇಕಾಗುವ ಎಚ್-1ಬಿ ವೀಸಾಗಳ ವಾರ್ಷಿಕ ಮಿತಿ 85,000 ಮಾತ್ರ. ಅರ್ಜಿಗಳು ಹೆಚ್ಚಾದುದರಿಂದ ಆಯ್ಕೆಯು ಅದೃಷ್ಟವನ್ನೂ ಅವಲಂಬಿಸಿದೆ. 2025ರ ಸೆಪ್ಟೆಂಬರದಲ್ಲಿ ಆ ದೇಶವು ಹೊರಗಿನಿಂದ ಕರೆತರುವ ನೌಕರರ ಹೊಸ ಅರ್ಜಿಗಳಿಗೆ ಒಂದು ಲಕ್ಷ ಡಾಲರ್ ಶುಲ್ಕವನ್ನು ಘೋಷಿಸಿತು. ಹೀಗೆ ಹೊರಡುವಾಗ ಇದ್ದ ನಿಯಮವು ಓದು ಮುಗಿಯುವಷ್ಟರಲ್ಲಿ ಇರುತ್ತದೆಂಬ ಭರವಸೆಯಿಲ್ಲ. ಜರ್ಮನಿಯ ಬಹುತೇಕ ಸರಕಾರಿ ವಿಶ್ವವಿದ್ಯಾಲಯಗಳಲ್ಲಿ ಬೋಧನಾಶುಲ್ಕವಿಲ್ಲ. ಆದರೆ ಒಂದು ವರ್ಷದ ಜೀವನವೆಚ್ಚಕ್ಕಾಗಿ ಸುಮಾರು 12 ಸಾವಿರ ಯೂರೋಗಳನ್ನು ಮೊದಲೇ ಖಾತೆಯಲ್ಲಿ ಇಟ್ಟು ತೋರಿಸಬೇಕು, ಅಲ್ಲಿಯ ನುಡಿಯನ್ನೂ ಕಲಿಯಬೇಕು.

ಆದ್ದರಿಂದ ಪ್ರತಿಯೊಂದು ಮನೆಯವರೂ ಕಾಗದದ ಮೇಲೆ ಒಂದು ಪ್ರಶ್ನೆಗೆ ಉತ್ತರ ಬರೆಯಬೇಕು: "ಮಗನು ಅಲ್ಲಿ ನೌಕರಿ ಸಿಗದೆ ಮರಳಿ ಬಂದು ಬೆಂಗಳೂರಿನಲ್ಲಿಯೋ ಬೆಳಗಾವಿಯಲ್ಲಿಯೋ ರೂಪಾಯಿ ಸಂಬಳ ಪಡೆದರೆ, ಈ ಕಂತು ಕಟ್ಟಲು ಸಾಧ್ಯವೇ? ಮನೆ ಉಳಿದೀತೇ?" ಉತ್ತರ 'ಹೌದು' ಎಂದಾದರೆ ನಿಶ್ಚಿಂತೆಯಿಂದ ಕಳಿಸಬಹುದು. 'ಇಲ್ಲ' ಎಂದಾದರೆ ಶಿಷ್ಯವೇತನಕ್ಕೆ ಪ್ರಯತ್ನಿಸುವುದು, ಎರಡು ವರ್ಷ ಇಲ್ಲಿಯೇ ದುಡಿದು ಕೂಡಿಟ್ಟು ಹೋಗುವುದು, ಇಲ್ಲವೆ ನಮ್ಮ ದೇಶದ ಉತ್ತಮ ಸಂಸ್ಥೆಗಳಲ್ಲಿಯೇ ಓದುವುದು ವಿವೇಕ. ಈ ಲೆಕ್ಕದಲ್ಲಿ ತಂದೆಯು ತನ್ನ ಅಡಚಣೆಯನ್ನು ಮಗನಿಂದ ಮುಚ್ಚಿಡಬಾರದು, ಮಗನು ತನ್ನ ಅಳುಕನ್ನು ತಂದೆಯಿಂದ ಮುಚ್ಚಿಡಬಾರದು. ನೆರೆಮನೆಯ ಹುಡುಗ ಹೋದನೆಂಬ ಪೈಪೋಟಿಯು ಮನೆಯನ್ನು ಒತ್ತೆಯಿಡಲು ಕಾರಣವಾಗಲೇ ಕೂಡದು.

ವಿದ್ಯೆಯ ಋಣ

1906ರಲ್ಲಿ ಲಿಂಗೈಕ್ಯರಾದ ಶಿರಸಂಗಿ ಲಿಂಗರಾಜ ದೇಸಾಯಿಯವರು ತಮ್ಮ ಸಂಸ್ಥಾನದ ಆಸ್ತಿಯನ್ನು ಸಮಾಜದ ಮಕ್ಕಳ ವಿದ್ಯೆಗೆ ಮೀಸಲಿಟ್ಟರು. ಅವರು ಆ ಮಕ್ಕಳ ಮುಖವನ್ನು ಕಂಡವರಲ್ಲ. 1916ರಲ್ಲಿ ಬೆಳಗಾವಿಯಲ್ಲಿ ಏಳು ಜನ ಶಿಕ್ಷಕರು ಒಂದು ಶಾಲೆಯಿಂದ ಆರಂಭಿಸಿದ ಕೆ.ಎಲ್.ಇ. ಸಂಸ್ಥೆಯು 1933ರಲ್ಲಿ ಆ ಮಹನೀಯರ ಹೆಸರಿನಲ್ಲಿ ಕಾಲೇಜನ್ನು ತೆರೆಯಿತು. ಇಂದು ವಿಮಾನವೇರುವ ಹುಡುಗನ ಹಿಂದೆ ಇಂತಹ ಅನೇಕರ ತ್ಯಾಗವಿದೆ. ಮರಳಿ ಬರಲೇಬೇಕೆಂದು ಯಾರನ್ನೂ ಕಟ್ಟಿಹಾಕಲಾಗದು. ಆದರೆ ಅಲ್ಲಿ ನೆಲೆಸಿದವನೂ ಊರಿನ ಶಾಲೆಯ ಒಬ್ಬ ಬಡ ಹುಡುಗನ ಶುಲ್ಕವನ್ನು ಭರಿಸಬಹುದು, ಹಿಂದೆ ಬರುವವನಿಗೆ ಅರ್ಜಿ ಬರೆಯಲು ನೆರವಾಗಬಹುದು, ಕನ್ನಡವು ಗಣಕದಲ್ಲಿ ಇನ್ನೂ ಸಲೀಸಾಗಿ ನಡೆಯುವಂತೆ ತನ್ನ ವಿದ್ಯೆಯನ್ನು ಬಳಸಬಹುದು. ದಾಸೋಹಕ್ಕೆ ದೂರದ ಅಡ್ಡಿಯಿಲ್ಲ.

ತಂದೆ-ತಾಯಿಗಳಲ್ಲಿ ನಮ್ಮ ಬಿನ್ನಹವಿಷ್ಟೇ. ಮಕ್ಕಳ ಯೋಗ್ಯತೆಯನ್ನು ನೋಡಿ ಕಳಿಸಿರಿ, ಲೆಕ್ಕ ಹಾಕಿ ಕಳಿಸಿರಿ, ನಂಬಿ ಕಳಿಸಿರಿ. ಹೋದವನು ಬರಿಗೈಯಲ್ಲಿ ಮರಳಿದರೂ ಬಾಗಿಲು ತೆರೆದಿರುತ್ತದೆಂಬ ಧೈರ್ಯವನ್ನು ಅವನಿಗೆ ಕೊಟ್ಟು ಕಳಿಸಿರಿ. ಕಲಿತ ವಿದ್ಯೆ ಎಲ್ಲಿಯೂ ಹೋಗುವುದಿಲ್ಲ. ಮಗನನ್ನು ಕಳೆದುಕೊಂಡರೆ ಯಾವ ಡಾಲರೂ ಅವನನ್ನು ತರಲಾರದು.