ಆಟೋದ ಹ್ಯಾಂಡಲ್ ನಡುಗಿದರೆ

ನೀವು ಆಟೋ ಓಡಿಸುತ್ತೀರಾ? ನಿಮ್ಮ ಮನೆಯಲ್ಲಿ ಯಾರಾದರೂ ಓಡಿಸುತ್ತಾರಾ? ಹಾಗಾದರೆ ಇದನ್ನು ನಿಧಾನವಾಗಿ ಓದಿ.

ತೃಶ್ಶಿಲೇರಿ ಕೇರಳದ ವಯನಾಡು ಜಿಲ್ಲೆಯ ಒಂದು ಹಳ್ಳಿ. ಬಾವಲಿ ಗಡಿ, ಕುಟ್ಟ ಗಡಿ ಎರಡೂ ಅಲ್ಲಿಂದ ಬಹಳ ದೂರವೇನಲ್ಲ. ತಿರುನೆಲ್ಲಿಗೆ ಪಿತೃಕಾರ್ಯಕ್ಕೆ ಹೋಗುವವರು ಮೊದಲು ತೃಶ್ಶಿಲೇರಿಯ ಶಿವನ ಗುಡಿಗೆ ಹೋಗುವುದು ವಾಡಿಕೆ. ಕೊಡಗಿನ ಕಡೆಯಿಂದಲೂ ಜನ ಹೋಗುತ್ತಾರೆ. ಬಸ್ಸು ಇಳಿದ ಮೇಲೆ ಎಷ್ಟೋ ಮಂದಿಗೆ ಆಟೋನೇ ಗತಿ. ದಾರಿ ತುಂಬ ಏರು, ಇಳಿಜಾರು, ತಿರುವು. ಮಳೆಗಾಲದಲ್ಲಿ ಗುಂಡಿ ಬೇರೆ.

ವಯನಾಡಿನಲ್ಲೂ ಕನ್ನಡ ಮಾತಾಡುವ ಮನೆಗಳಿವೆ. ಅಂಥ ಮನೆಯ ಒಬ್ಬ ಅಣ್ಣ ನಮ್ಮ ಕಲಿಕಾ ಕೇಂದ್ರಕ್ಕೆ ಬರುತ್ತಿದ್ದರು. ಆ ದಾರಿಯಲ್ಲೇ ಅವರ ಆಟೋ. ಒಂದು ಸಂಜೆ ಸ್ಲೇಟು ಪಕ್ಕಕ್ಕಿಟ್ಟು ಕೇಳಿದರು:

"ಟೀಚರ್, ಸ್ಪೀಡು 30 ದಾಟಿದ್ರೆ ಹ್ಯಾಂಡಲ್ ಗಡಗಡ ಅಂತ ನಡುಗುತ್ತೆ. ಇವತ್ತು ಹಿಂದೆ ಕೂತಿದ್ದ ಅಜ್ಜಿ ಹೆದರಿ ಇಳಿದೇಬಿಟ್ರು. ಏನ್ ಮಾಡ್ಲಿ?"

ನಾನು ಬಿ.ಎ. ಓದಿದ್ದೇನೆ. ಆಟೋ ಬಗ್ಗೆ ನನಗೇನು ಗೊತ್ತು? ಇಬ್ಬರೂ ಮೆಕ್ಯಾನಿಕ್ ಹತ್ತಿರ ಹೋದೆವು. ಅಲ್ಲಿ ತಿಳಿದದ್ದನ್ನು ನಿಮಗೂ ಹೇಳುತ್ತೇನೆ.

ಆಟೋದ ಮುಂಭಾಗ ಸ್ಕೂಟರ್ ಥರ ಇದೆ, ಅಲ್ಲವೇ? 1948ರಲ್ಲಿ ಇಟಲಿಯ ಪಿಯಾಜಿಯೋ ಕಂಪನಿ ತನ್ನ ವೆಸ್ಪಾ ಸ್ಕೂಟರಿನಿಂದಲೇ ಮೂರು ಚಕ್ರದ ಗಾಡಿ ಮಾಡಿತು. ಅದರ ಹೆಸರು ಆಪೆ. ಅವರ ಭಾಷೆಯಲ್ಲಿ ವೆಸ್ಪಾ ಎಂದರೆ ಕಣಜದ ಹುಳ, ಆಪೆ ಎಂದರೆ ಜೇನುನೊಣ. ನಮ್ಮ ಆಟೋಗಳು ಅದೇ ವಂಶದವು. ಆದರೆ ಸ್ಕೂಟರ್ ತಿರುವಿನಲ್ಲಿ ವಾಲುತ್ತದೆ. ಆಟೋ ಹಾಗೆ ವಾಲುವುದಿಲ್ಲ. ಮುಂದಿನ ಒಂದೇ ಚಕ್ರ ಇಡೀ ಗಾಡಿಯನ್ನು ತಿರುಗಿಸಬೇಕು. ಅಲ್ಲಿ ಸ್ವಲ್ಪ ಸಡಿಲ ಇದ್ದರೂ ಕೈಗೆ ಗೊತ್ತಾಗುತ್ತದೆ.

ಆಸ್ಪತ್ರೆಯಲ್ಲಿ ರೋಗಿಯನ್ನು ಮಲಗಿಸಿ ತಳ್ಳುವ ಗಾಡಿ ನೋಡಿದ್ದೀರಿ. ಅದರ ಪುಟ್ಟ ಗಾಲಿ ಸಡಿಲವಾದರೆ ಏನಾಗುತ್ತದೆ? ನಿಧಾನಕ್ಕೆ ತಳ್ಳಿದರೆ ಸುಮ್ಮನಿರುತ್ತದೆ. ಜೋರಾಗಿ ತಳ್ಳಿದರೆ ಪಟಪಟ ಅಂತ ಅತ್ತಿತ್ತ ಹೊಡೆದುಕೊಳ್ಳುತ್ತದೆ. ಆಟೋದ ನಡುಕವೂ ಅದೇ ಜಾತಿಯದು.

ಮೊದಲು ಗಾಳಿ ನೋಡಿ. ಕಾಲಲ್ಲಿ ಒದ್ದು ನೋಡುವುದಲ್ಲ, ಮೀಟರ್ ಹಿಡಿದು ನೋಡಿ. ಎಷ್ಟು ಇರಬೇಕು ಅಂತ ಗಾಡಿಯ ಪುಸ್ತಕದಲ್ಲಿ ಬರೆದಿರುತ್ತದೆ. ಹಿಂದಿನ ಎರಡು ಚಕ್ರಕ್ಕೂ ಒಂದೇ ಸಮ ಗಾಳಿ ಇರಬೇಕು. ಒಂದರಲ್ಲಿ ಕಡಿಮೆ ಇದ್ದರೆ ಗಾಡಿ ಆ ಕಡೆಗೇ ಎಳೆಯುತ್ತದೆ.

ಆಮೇಲೆ ಟಯರ್ ಓದಿ. ಹೌದು, ಓದಿ! ಟಯರಿನ ಪಕ್ಕದಲ್ಲಿ ಅಕ್ಷರ, ಅಂಕಿ ಇರುತ್ತವೆ. ಬಹಳ ಆಟೋಗಳಲ್ಲಿ 4.00-8 ಎಂದಿರುತ್ತದೆ. ಟಯರ್ 4 ಇಂಚು ಅಗಲ, ಒಳಗಿನ ರಿಮ್ 8 ಇಂಚು ಎಂದು ಅರ್ಥ. ಇನ್ನೊಂದು ಕಡೆ ನಾಲ್ಕು ಅಂಕಿ ಒಟ್ಟಿಗೆ ಇರುತ್ತವೆ. ಉದಾಹರಣೆಗೆ 3219. ಅಂದರೆ ಅದು 2019ನೇ ಇಸವಿಯ 32ನೇ ವಾರದಲ್ಲಿ ಮಾಡಿದ ಟಯರ್. ಅಣ್ಣ ಬೆರಳಿಟ್ಟು ತಮ್ಮ ಮುಂದಿನ ಟಯರ್ ಓದಿದರು. ಸ್ವಲ್ಪ ಹೊತ್ತು ಮಾತೇ ಆಡಲಿಲ್ಲ. ಹೊಸದು ಅಂತ ದುಡ್ಡು ಕೊಟ್ಟು ತಂದಿದ್ದರು. ಅದು ಏಳು ವರ್ಷದ ಹಿಂದಿನದು.

ಆದರೂ ನಡುಕದ ಮೂಲ ಬೇರೆ ಕಡೆ ಇತ್ತು. ಮೆಕ್ಯಾನಿಕ್ ಹಿಂದಿನ ಚಕ್ರಗಳಿಗೆ ಕಲ್ಲು ಕೊಟ್ಟು, ಜಾಕ್ ಹಾಕಿ ಮುಂದಿನ ಚಕ್ರ ಎತ್ತಿದರು. ಚಕ್ರವನ್ನು ತಿರುಗಿಸಿದರು. ರಿಮ್ ಸೊಟ್ಟ ಇದ್ದರೆ ಆಗಲೇ ಕಣ್ಣಿಗೆ ಬೀಳುತ್ತದೆ. ಚಕ್ರ ಹಿಡಿದು ಅಲ್ಲಾಡಿಸಿದರು. ಟಕಟಕ ಅಂದರೆ ಬೇರಿಂಗ್ ಅಥವಾ ಬುಷ್ ಸವೆದಿದೆ ಎಂದು ಲೆಕ್ಕ. ಕೊನೆಗೆ ಹ್ಯಾಂಡಲನ್ನು ಎಡಕ್ಕೂ ಬಲಕ್ಕೂ ಮೆಲ್ಲಗೆ ತಿರುಗಿಸಿದರು. ನಟ್ಟನಡುವೆ ಬಂದಾಗ ಅದು ಕಟ್ ಅಂತ ಸಿಕ್ಕಿಕೊಂಡಿತು.

"ಕೋನ್ ಸೆಟ್ ಹೋಗಿದೆ" ಅಂದರು.

ಹ್ಯಾಂಡಲ್ ತಿರುಗುವ ಜಾಗದಲ್ಲಿ ಉಕ್ಕಿನ ಗುಂಡುಗಳು ಒಂದು ಬಟ್ಟಲಿನೊಳಗೆ ಉರುಳುತ್ತವೆ. ಅದಕ್ಕೆ ಕೋನ್ ಸೆಟ್ ಅನ್ನುತ್ತಾರೆ. ಗುಂಡಿ ರಸ್ತೆಯ ಏಟಿಗೆ ಆ ಬಟ್ಟಲಲ್ಲೂ ಸಣ್ಣ ಗುಂಡಿ ಬೀಳುತ್ತದೆ. ಅಣ್ಣ ಮೊದಲು ಬೇರೊಂದು ಕಡೆ ನಟ್ಟು ಬಿಗಿ ಮಾಡಿಸಿದ್ದರಂತೆ. ಆಗ ನಡುಕ ನಿಂತಿತು. ಆದರೆ ಹ್ಯಾಂಡಲ್ ತಾನಾಗಿ ನೇರಕ್ಕೆ ಬರುತ್ತಿರಲಿಲ್ಲ. ಗಾಡಿ ಹಾವಿನ ಹಾಗೆ ಹೋಗುತ್ತಿತ್ತು. ಸಡಿಲವೂ ತಪ್ಪು, ಅತಿ ಬಿಗಿಯೂ ತಪ್ಪು. ಬಟ್ಟಲಿಗೆ ಗುಂಡಿ ಬಿದ್ದ ಮೇಲೆ ಸೆಟ್ಟನ್ನೇ ಬದಲಾಯಿಸಬೇಕು.

ಎಲ್ಲ ಸರಿ ಇದ್ದರೂ ಹ್ಯಾಂಡಲ್ ಮಾತು ಕೇಳದಿರುವುದುಂಟು. ಅದಕ್ಕೆ ಭಾರ ಕಾರಣ. ಹಿಂದೆ ಹೆಚ್ಚು ಭಾರ ತುಂಬಿ ಏರು ಹತ್ತಿದರೆ ಮುಂದಿನ ಚಕ್ರ ಹಗುರಾಗುತ್ತದೆ. ಹಾಗಂತ ಡ್ರೈವರ್ ಪಕ್ಕ ಒಬ್ಬರನ್ನು ಕೂರಿಸಬಹುದಾ? ಬೇಡ. ಮೂರು ಕಲ್ಲಿನ ಒಲೆ ನೆನಪು ಮಾಡಿಕೊಳ್ಳಿ. ಆಟೋಗೆ ಹಿಂದೆ ಎರಡು ಕಲ್ಲು, ಮುಂದೆ ಒಂದೇ ಕಲ್ಲು. ಪಾತ್ರೆಯನ್ನು ಒಂಟಿ ಕಲ್ಲಿನ ಕಡೆಗೆ ಸರಿಸಿದರೆ ಪಕ್ಕಕ್ಕೆ ಉರುಳುವುದು ಸುಲಭ. ತಿರುವಿನ ನಡುವೆ ಬ್ರೇಕ್ ಹಾಕಿದಾಗಲೂ ಭಾರವೆಲ್ಲ ಮುಂದಕ್ಕೆ, ಹೊರಗಡೆಗೆ ನುಗ್ಗುತ್ತದೆ. ಆಟೋ ಮಗುಚುವುದು ಹೀಗೆ. ಆದ್ದರಿಂದ ತಿರುವು ಬರುವ ಮೊದಲೇ ನಿಧಾನ ಮಾಡಿ. ಇಳಿಜಾರಿನಲ್ಲಿ ನ್ಯೂಟ್ರಲ್ ಮಾಡಿ ಪೆಟ್ರೋಲು ಉಳಿಸಲು ಹೋಗಬೇಡಿ. ಗೇರಿನಲ್ಲೇ ಇಳಿಯಿರಿ.

ದಾರಿಯಲ್ಲಿ ನಡುಕ ಶುರುವಾದರೆ ಗಾಬರಿಯಿಂದ ಬ್ರೇಕ್ ತುಳಿಯಬೇಡಿ. ಹ್ಯಾಂಡಲನ್ನು ಎರಡೂ ಕೈಯಲ್ಲಿ ನೇರವಾಗಿ ಹಿಡಿಯಿರಿ. ಆಕ್ಸಿಲರೇಟರ್ ಮೆಲ್ಲಗೆ ಬಿಡಿ. ವೇಗ ಇಳಿದರೆ ನಡುಕವೂ ಇಳಿಯುತ್ತದೆ. ಎಡಕ್ಕೆ ನಿಲ್ಲಿಸಿ, ಜನರನ್ನು ಇಳಿಸಿ.

ಅಣ್ಣ ಕೋನ್ ಸೆಟ್ ಮತ್ತು ಟಯರ್ ಎರಡನ್ನೂ ಬದಲಾಯಿಸಿದರು. ಈ ಸಲ ಅಂಗಡಿಯಲ್ಲಿ ನಾಲ್ಕು ಅಂಕಿ ತಾವೇ ಓದಿ ನೋಡಿ ದುಡ್ಡು ಕೊಟ್ಟರು. ಆಮೇಲೆ ಖಾಲಿ ಗಾಡಿಯಲ್ಲಿ ಕಾಟ್ಟಿಕುಳಂ ತನಕ ಹೋಗಿ ಬಂದರು. ಹೊಸ ಗುಂಡುಗಳು ಕೂತ ಮೇಲೆ ನಟ್ಟು ಸ್ವಲ್ಪ ಸಡಿಲವಾಗಬಹುದು, ಒಂದು ವಾರ ಬಿಟ್ಟು ಮತ್ತೆ ಬಾ ಅಂತ ಮೆಕ್ಯಾನಿಕ್ ಹೇಳಿದ್ದರು. ಅಣ್ಣ ಆ ತಾರೀಕನ್ನು ಕಾಪಿ ಪುಸ್ತಕದ ಹಿಂದೆ ಬರೆದುಕೊಂಡರು.