ಎಲೆ ಒಣಗ್ತಿದ್ರೆ ನೀರು ಹಾಕೋ ಮುಂಚೆ ಮಣ್ಣು ಮುಟ್ಟಿ ನೋಡಿ

ಇವತ್ತು ಕೋಡ್ ಬಗ್ಗೆ ಅಲ್ಲ, ಕುಂಡದ ಬಗ್ಗೆ ಮಾತು.

ನಿಮ್ಮಲ್ಲಿ ಕೆಲವರಿಗೆ ಗೊತ್ತಿರಬಹುದು, ಹೆಂಡತಿಗೆ ವರ್ಗ ಆಗಿ ನಾವು ನಾಶಿಕ್ ಜಿಲ್ಲೆಯ ಮಾಲೇಗಾಂವ್‌ನಲ್ಲಿದ್ದೀವಿ. ನಾನು ಮನೆಯಿಂದಲೇ ಬೆಂಗಳೂರಿನ ಕೆಲಸ ಮಾಡ್ತೀನಿ. ಹಿನ್ನೆಲೆಯಲ್ಲಿ ಕೇಳಿಸ್ತಿರೋದು ಪಕ್ಕದ ಬೀದಿಯ ಪವರ್‌ಲೂಮ್. ಬರುವಾಗ ತೀರ್ಥಹಳ್ಳಿ ಮನೆಯಿಂದ ಮನಿಪ್ಲಾಂಟ್ ತಂದಿದ್ದೆ. ಅಲ್ಲಿ ಅದು ಹಲಸಿನ ಮರಕ್ಕೆ ಹಬ್ಬಿ ಮೊರದಗಲ ಎಲೆ ಬಿಟ್ಟಿತ್ತು. ಆಮೇಲೆ ಆ ಮನೆ ಮಾರಿದ್ವಿ. ಹಾಗಾಗಿ ಆ ಬಳ್ಳಿಯಲ್ಲಿ ನಮಗೆ ಉಳಿದಿದ್ದು ಈ ಕುಂಡದ್ದೊಂದೇ.

ಏಪ್ರಿಲ್ ಬಂತು, ಬಿಸಿಲು 40 ಡಿಗ್ರಿ ದಾಟ್ತು. ಎಲೆ ತುದಿ ಕಂದು ಆಯ್ತು. ಬಾಯಾರಿಕೆ ಅಂದ್ಕೊಂಡು ದಿನಾ ಎರಡು ಸಲ ನೀರು ಹಾಕಿದೆ. ಎಲೆಗಳು ಹಳದಿಯಾಗಿ ಜೋತುಬಿದ್ವು. ವಿಡಿಯೋ ಕಾಲ್‌ನಲ್ಲಿ ಅಮ್ಮ ನೋಡಿ, "ಬೇರಿಗೆ ಉಸಿರಾಡೋಕೆ ಬಿಡೋ ಮಾರಾಯ" ಅಂದ್ರು.

ಅಮ್ಮ ಹೇಳಿದ್ದು ಸರಿ. ಗಾಳಿಯ ತೇವ ಬೇರೆ, ಮಣ್ಣಿನ ತೇವ ಬೇರೆ. ಒಣ ಗಾಳಿ ಎಲೆಯಿಂದ ನೀರು ಎಳೀತದೆ, ತುದಿ ಒಣಗ್ತದೆ. ಆದ್ರೆ ಮಣ್ಣು ಸದಾ ಒದ್ದೆಯಾಗಿದ್ರೆ ಅದರೊಳಗಿನ ಗಾಳಿ ಹೋಗಿ ಬೇರು ಕೊಳೀತದೆ. ಕೊಳೆತ ಬೇರು ನೀರು ಹೀರಲ್ಲ, ಗಿಡ ಬಾಡ್ತದೆ. ನಾವು ಬಾಯಾರಿಕೆ ಅಂದ್ಕೊಂಡು ಇನ್ನಷ್ಟು ಹಾಕ್ತೀವಿ. ನಾನು ಮಾಡಿದ್ದೂ ಅದೇ.

ಈಗ ಏನು ಮಾಡ್ತೀನಿ ಅಂದ್ರೆ:

ಮಣ್ಣು: ಇಲ್ಲಿಯ ಕಪ್ಪು ಮಣ್ಣು ಹೊಲಕ್ಕೆ ಒಳ್ಳೇದು, ಕುಂಡಕ್ಕಲ್ಲ. ಒದ್ದೆಯಾದ್ರೆ ಅಂಟು, ಒಣಗಿದ್ರೆ ಬಿರುಕು. ಅದರ ಬದಲು ಕೋಕೋಪೀಟ್, ಗೊಬ್ಬರ, ದಪ್ಪ ಮರಳು ಬೆರೆಸ್ತೀನಿ.

ನೀರು: ಬೆರಳು ಒಂದಿಂಚು ಇಳಿಸಿ ನೋಡ್ತೀನಿ. ಒಣಗಿದ್ರೆ ಮಾತ್ರ ಕೆಳಗಿನ ತೂತಿಂದ ಹರಿಯೋವರೆಗೆ ಹಾಕಿ, ತಟ್ಟೆಯಲ್ಲಿ ನಿಂತಿದ್ದನ್ನ ಚೆಲ್ತೀನಿ. ಆರ್‌ಒ ಮಷೀನ್ ಹೊರಹಾಕೋ ನೀರು, ಕೂಲರ್ ತೊಟ್ಟಿಯ ಹಳೇ ನೀರು ಬೇಡ. ಎರಡರಲ್ಲೂ ಉಪ್ಪಿನಂಶ ಹೆಚ್ಚು, ಅದರಿಂದಲೂ ತುದಿ ಸುಡ್ತದೆ.

ಗಾಳಿ: ಸ್ಪ್ರೇ ಮಾಡಿದ ತೇವ ಸ್ವಲ್ಪ ಹೊತ್ತಲ್ಲೇ ಆರಿಹೋಗ್ತದೆ. ಅದಕ್ಕಿಂತ ಗಿಡಗಳನ್ನ ಗುಂಪಾಗಿಡಿ. ಕೂಲರ್ ಇರೋ ಕೋಣೆ ಒಳ್ಳೇದು, ಅದು ಗಾಳಿಗೆ ತೇವ ಸೇರಿಸ್ತದೆ. ಆದ್ರೆ ಗಾಳಿ ನೇರ ಬಡೀಬಾರದು. ಎಸಿ ಉಲ್ಟಾ, ತೇವ ತೆಗೀತದೆ.

ಬೆಳಕು: ಮಾನ್‌ಸ್ಟೆರಾ, ಕ್ಯಾಲಥಿಯಾ ಎಲ್ಲ ದೊಡ್ಡ ಮರಗಳ ನೆರಳಲ್ಲಿ ಬೆಳೆದ ಜಾತಿ. ಪಡುವಣ ಕಿಟಕಿಯಾದ್ರೆ ತೆಳು ಪರದೆ ಹಾಕಿ.

ನನ್ನ ಬಳ್ಳಿ ಏನಾಯ್ತು? ಬುಡ ಕೊಳೆತಿತ್ತು. ಮೇಲೆ ಹಸಿರಾಗಿದ್ದ ಭಾಗವನ್ನ ಒಂದೊಂದು ಗೆಣ್ಣು ಇರೋಹಾಗೆ ಕತ್ತರಿಸಿ, ಗೆಣ್ಣು ಮುಳುಗೋಹಾಗೆ ನೀರಿನ ಬಾಟಲಿಯಲ್ಲಿಟ್ಟೆ. ವಾರಕ್ಕೊಮ್ಮೆ ನೀರು ಬದಲಾಯಿಸಿದೆ. ಮೂರು ವಾರಕ್ಕೆ ಎರಡು ತುಂಡಲ್ಲಿ ಬೇರು ಬಂತು. ಒಂದು ಇಲ್ಲಿ ಕುಂಡದಲ್ಲಿದೆ. ಇನ್ನೊಂದನ್ನ ಬೆಂಗಳೂರಲ್ಲಿ ತಂಗಿ ಮನೆಯಲ್ಲಿಟ್ಟಿದ್ದೀನಿ. ಬ್ಯಾಕಪ್ ಒಂದೇ ಕಡೆ ಇಡಬಾರದು ಅಂತ ನಿಮಗೆ ನಾನು ಹೇಳಬೇಕಾ?

ಮತ್ತೆ ಸಿಗೋಣ.